ಒಂದು ನಿಮಿಷದ ಲೆಕ್ಕ: ಬೈಲಹೊಂಗಲ ಸೀಮೆಯಲ್ಲಿ ಉಸಿರೆಣಿಕೆಯ ಇತಿಹಾಸ

ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಸ್ಥಿತಿಯನ್ನು ಹೊತ್ತುಹೊತ್ತಿಗೆ ಬರೆದಿಡುವ ತಖ್ತೆಯಲ್ಲಿ ಜ್ವರ, ನಾಡಿ, ಉಸಿರು ಎಂಬ ಮೂರು ಕಲಮುಗಳು ಬಹುಕಾಲದಿಂದ ಅಕ್ಕಪಕ್ಕದಲ್ಲಿ ಇದ್ದರೂ ಅವುಗಳಿಗೆ ಸಂದ ಗೌರವ ಒಂದೇ ಬಗೆಯದಲ್ಲ. ಜ್ವರಕ್ಕೆ ಗಾಜಿನ ನಳಿಗೆಯ ಜ್ವರಮಾಪಕವುಂಟು, ನಾಡಿಗೆ ಒಂದು ಶಾಸ್ತ್ರವೂ ನಾಡಿ ಹಿಡಿದೇ ಹೆಸರು ಮಾಡಿದ ವೈದ್ಯರ ಪರಂಪರೆಯೂ ಉಂಟು. ಉಸಿರಿಗಾದರೆ ರೋಗಿಯ ಎದೆ ಅಥವಾ ಹೊಟ್ಟೆ ಏರಿಳಿಯುವುದನ್ನು ಒಂದು ನಿಮಿಷ ಕಣ್ಣಿಟ್ಟು ಎಣಿಸುವ ಮನುಷ್ಯನ ಹೊರತು ಬೇರೆ ಆಸರೆ ಬಹುಕಾಲ ಇರಲಿಲ್ಲ. ನಿಮಿಷವೊಂದರಲ್ಲಿ ಎಷ್ಟು ಬಾರಿ ಉಸಿರು ಒಳಹೋಗಿ ಹೊರಬಂತು ಎಂಬ ಈ ಸಂಖ್ಯೆಯನ್ನು ವೈದ್ಯರು ಉಸಿರಾಟದ ದರ ಎನ್ನುತ್ತಾರೆ. ಆರಾಮವಾಗಿರುವ ದೊಡ್ಡವರಲ್ಲಿ ಅದು 12ರಿಂದ 20ರಷ್ಟು, ಹಸುಗೂಸಿನಲ್ಲಿ 30ರಿಂದ 60ರಷ್ಟು ಇರುತ್ತದೆ. ಮಲಪ್ರಭೆಯ ಆಚೀಚೆ ಹಬ್ಬಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಈ ಎಣಿಕೆ ಬೇರೂರಿದ ಬಗೆಯನ್ನು ಹುಡುಕಹೊರಟರೆ ಹೆಸರಾಂತ ವೈದ್ಯರಿಗಿಂತ ಹೆಚ್ಚಾಗಿ ದವಾಖಾನೆಯ ಸಹಾಯಕರು, ಪಾಳಿಯ ಶುಶ್ರೂಷಕಿಯರು, ಸೂಲಗಿತ್ತಿಯರು ಮತ್ತು ಆಶಾ ಕಾರ್ಯಕರ್ತೆಯರು ಎದುರಾಗುತ್ತಾರೆ. ಹತ್ತಿ ಬೆಳೆಯ ಚರಿತ್ರೆಯೂ ನಡುವೆ ಬಂದು ಸೇರಿಕೊಳ್ಳುತ್ತದೆ.

ಗಡಿಯಾರ ಬರುವ ಮೊದಲು ಈ ನಾಡಿನಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಆಗ ಉಸಿರೇ ಕಾಲದ ಅಳತೆಯಾಗಿತ್ತು. ಸೂರ್ಯಸಿದ್ಧಾಂತ ಹೇಳುವ ಕಾಲಮಾನದಲ್ಲಿ ಆರು ಪ್ರಾಣಗಳಿಗೆ ಒಂದು ವಿನಾಡಿ, 60 ವಿನಾಡಿಗೆ ಒಂದು ನಾಡಿ ಅಥವಾ ಗಳಿಗೆ, 60 ಗಳಿಗೆಗೆ ಒಂದು ಹಗಲಿರುಳು. ಪ್ರಾಣವೆಂದರೆ ಆರೋಗ್ಯವಂತನ ಒಂದು ಉಸಿರಾಟದ ಹೊತ್ತು. ಗುಣಿಸಿ ನೋಡಿದರೆ ದಿನಕ್ಕೆ 21,600 ಉಸಿರು, ಅಂದರೆ ನಿಮಿಷಕ್ಕೆ 15. ಹಠಯೋಗದ ಗ್ರಂಥಗಳಲ್ಲೂ ಇದೇ 21,600ರ ಸಂಖ್ಯೆ ಬರುತ್ತದೆ, ಇಂದಿನ ವೈದ್ಯಕೀಯ ಪಠ್ಯಗಳ ಮಿತಿಯೊಳಗೂ ಅದು ಸರಿಯಾಗಿ ಕೂರುತ್ತದೆ. ಆದರೆ ಇದನ್ನು ಮುಂದಿಟ್ಟುಕೊಂಡು ಹಿಂದಿನವರು ಎಲ್ಲವನ್ನೂ ಎಣಿಸಿ ತಿಳಿದಿದ್ದರೆಂದು ಬೀಗುವುದು ತರವಲ್ಲ: ವೃತ್ತವೊಂದರಲ್ಲಿ 360 ಅಂಶಗಳು, ಅಂಶಕ್ಕೆ 60 ಕಲೆಗಳು ಎಂದು ಗುಣಿಸಿದರೂ ಸಿಗುವುದು ಅದೇ 21,600, ಆದ್ದರಿಂದ ಸಂಖ್ಯೆಯ ಅಂದ ರೋಗಿಯ ಮಗ್ಗುಲಲ್ಲಿ ಕೂತವರಿಗಿಂತ ಆಕಾಶ ನೋಡಿದವರಿಗೆ ಹೆಚ್ಚು ಋಣಿಯಾಗಿರಬೇಕು. ರೋಗಿಯ ಉಸಿರನ್ನು ನೋಡಿದ ಆಯುರ್ವೇದ ಸಂಖ್ಯೆಯ ಗೊಡವೆಗೆ ಹೋಗಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬಿಕ್ಕಳಿಕೆಯ ಜೊತೆಗೇ ಶ್ವಾಸರೋಗವನ್ನು ವಿವರಿಸಿ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆ ಮಾಡಿದ್ದಾರೆ. ಇವುಗಳಲ್ಲಿ ತಮಕವು ಇಂದಿನ ಉಬ್ಬಸಕ್ಕೆ ಹತ್ತಿರವಾದರೆ, ತಡೆತಡೆದು ನಿಂತು ಮತ್ತೆ ಹೊರಡುವ ಛಿನ್ನಶ್ವಾಸವು ಡಬ್ಲಿನ್ ನಗರದ ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಬಣ್ಣಿಸಿದ ಉಸಿರಾಟವನ್ನು ನೆನಪಿಗೆ ತರುತ್ತದೆ. ಹಳ್ಳಿಯ ಪಂಡಿತನೂ ಹೀಗೆಯೇ ಉಸಿರಿನ ರೀತಿ ನೋಡಿ ಬಾಳುವ ರೋಗಿ, ಬಾಳದ ರೋಗಿ ಎಂದು ತೀರ್ಮಾನಿಸುತ್ತಿದ್ದನೇ ವಿನಾ ಎಣಿಸುತ್ತಿರಲಿಲ್ಲ, ಎಣಿಸಲು ಅವನ ಬಳಿ ನಿಮಿಷವೇ ಇರಲಿಲ್ಲ.

ನಿಮಿಷವನ್ನು ಸಾಧನವಾಗಿ ಕೈಗೆ ಕೊಟ್ಟವನು ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್. ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ನಾಡಿಗೆಂದು ಮಾಡಿಸಿ 1707ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಈತ ಸ್ವತಃ ಉಬ್ಬಸದ ರೋಗಿಯಾಗಿದ್ದನು ಎಂಬುದು ಗಮನಾರ್ಹ. 1846ರಲ್ಲಿ ಜಾನ್ ಹಚಿನ್ಸನ್ ಶ್ವಾಸಕೋಶದ ಗಾಳಿಯ ಪ್ರಮಾಣ ಅಳೆಯುವ ಸ್ಪೈರೋಮೀಟರನ್ನು ಪ್ರಕಟಿಸಿದಾಗ ಸುಮಾರು 2,000 ಜನರ ಉಸಿರನ್ನೂ ಎಣಿಸಿ, ಹೆಚ್ಚಿನವರದು ನಿಮಿಷಕ್ಕೆ 16ರಿಂದ 24ರೊಳಗೆ ಇರುವುದನ್ನು ಕಂಡನು. ಜರ್ಮನಿಯ ಕಾರ್ಲ್ ವುಂಡರ್‌ಲಿಷ್ 1868ರಲ್ಲಿ ಜ್ವರದ ಏರಿಳಿತದ ಮೇಲೆ ಬರೆದ ಗ್ರಂಥದ ಬಳಿಕ ಗೆರೆ ಎಳೆದು ತೋರಿಸುವ ತಖ್ತೆ ಯುರೋಪಿನ ಆಸ್ಪತ್ರೆಗಳಲ್ಲಿ ಬೇಗ ಹರಡಿತು, ಉಸಿರಿನ ಕಲಮೂ ಅದರ ಬೆನ್ನಿಗೆ ಬಂದಿತು.

ಈ ತಖ್ತೆ ಮಲಪ್ರಭೆಯ ದಡಕ್ಕೆ ಬಂದ ದಾರಿ ಮುಂಬಯಿ ಪ್ರಾಂತದ್ದು. ಕಿತ್ತೂರು ಸಂಸ್ಥಾನ 1824ರ ಯುದ್ಧದ ಬಳಿಕ ಕುಂಪಣಿಯ ವಶವಾಗಿ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಮೇಲೆ ಈ ಪ್ರದೇಶ ಮುಂಬಯಿ ಸರ್ಕಾರದ ಬೆಳಗಾವಿ ಜಿಲ್ಲೆಯೊಳಗೆ ನೆಲೆಗೊಂಡಿತು. ಬೈಲಹೊಂಗಲ ಅಂದು ಸಂಪಗಾಂವ ತಾಲೂಕಿನ ಮುಖ್ಯಸ್ಥಳ, ಸವದತ್ತಿ ಪರಸಗಡ ತಾಲೂಕಿನ ಮುಖ್ಯಸ್ಥಳ. ರಾಮದುರ್ಗ ಮಾತ್ರ ಭಾವೆ ಮನೆತನದ ಪುಟ್ಟ ಸಂಸ್ಥಾನವಾಗಿ 1948ರ ವಿಲೀನದವರೆಗೆ ಉಳಿಯಿತು. ಪ್ರಾಂತದ ತಾಲೂಕು ದವಾಖಾನೆಗಳನ್ನು ನಡೆಸಿದವರು ಬಹುಮಟ್ಟಿಗೆ ಹಾಸ್ಪಿಟಲ್ ಅಸಿಸ್ಟಂಟರೆಂಬ ಭಾರತೀಯ ವೈದ್ಯ ಸಹಾಯಕರು. ಪುಣೆಯಲ್ಲಿ 1878ರಲ್ಲಿ ಆರಂಭವಾದ ಬೈರಾಮ್‌ಜಿ ಜೀಜೀಭಾಯ್ ಶಾಲೆಯಂಥ ವೈದ್ಯಕೀಯ ಶಾಲೆಗಳಲ್ಲಿ ಕಲಿತು ಬಂದ ಇವರನ್ನು ಮುಂದೆ ಸಬ್ ಅಸಿಸ್ಟಂಟ್ ಸರ್ಜನ್ ಎಂದು ಕರೆಯಲಾಯಿತು. ಗಾಯ, ಕಣ್ಣುಬೇನೆ, ಜ್ವರ ಎಂದು ಬಂದು ಔಷಧದ ಸೀಸೆ ತುಂಬಿಸಿಕೊಂಡು ಹೋಗುವ ಹೊರರೋಗಿಗಳೇ ಹೆಚ್ಚಾಗಿದ್ದ ಇಂಥ ದವಾಖಾನೆಗಳಲ್ಲಿ ನಾಲ್ಕು ತಾಸಿಗೊಮ್ಮೆ ಉಸಿರೆಣಿಸುವ ಪದ್ಧತಿಗೆ ಎಡೆ ಕಡಿಮೆ. ಹಾಸಿಗೆಯೂ ರಾತ್ರಿಯ ಪಾಳಿಯೂ ಇರುವಲ್ಲಿ ಮಾತ್ರ ಈ ಎಣಿಕೆಗೆ ಅರ್ಥ ಬರುತ್ತದೆ. 1896ರಲ್ಲಿ ಮುಂಬಯಿಗೆ ಬಂದು ಎರಡು ವರ್ಷದೊಳಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೆ ಹಬ್ಬಿದ ಪ್ಲೇಗು, 1918ರ ಮಳೆಗಾಲದ ಕೊನೆಗೆ ಪ್ರಾಂತವನ್ನು ಬಡಿದ ಇನ್‌ಫ್ಲುಯೆಂಜಾ, ಇವೆರಡೂ ಜನರನ್ನು ಊರು ಬಿಡಿಸಿದವು ಇಲ್ಲವೆ ಮನೆಯಲ್ಲೇ ಮಲಗಿಸಿದವು. ಇನ್‌ಫ್ಲುಯೆಂಜಾದಲ್ಲಿ ಸತ್ತವರಲ್ಲಿ ಬಹುಪಾಲು ಜನ ಶ್ವಾಸಕೋಶದಲ್ಲಿ ಕೀವು ನೀರು ತುಂಬುವ ನ್ಯುಮೋನಿಯಾದಿಂದ ಸತ್ತರು. ಅವರ ಏದುಸಿರನ್ನು ಮನೆಯವರೆಲ್ಲ ಕಂಡರು, ಬರೆದಿಟ್ಟವರು ಇಲ್ಲ.

ರೋಗಿಯ ಉಸಿರನ್ನೇ ನೋಡುತ್ತ ಕೂರಬೇಕು ಎಂಬ ಕಟ್ಟಳೆ ದಖ್ಖನದಲ್ಲಿ ಮೊದಲು ಗಟ್ಟಿಯಾಗಿ ಕೇಳಿಬಂದುದು ಶಸ್ತ್ರಚಿಕಿತ್ಸೆಯ ಮೇಜಿನ ಬಳಿ. ಕ್ಲೋರೋಫಾರ್ಮ್ ಮೂಸಿಸಿ ಪ್ರಜ್ಞೆ ತಪ್ಪಿಸುವ ಪದ್ಧತಿ 1847ರಲ್ಲಿ ಎಡಿನ್‌ಬರೊದಲ್ಲಿ ಆರಂಭವಾದ ಮರುವರ್ಷವೇ ಆರೋಗ್ಯವಂತರು ಮೇಜಿನ ಮೇಲೆ ಥಟ್ಟನೆ ಸಾಯತೊಡಗಿದಾಗ, ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬ ವಾದ ಹುಟ್ಟಿತು. ಎಡಿನ್‌ಬರೊದ ಶಸ್ತ್ರವೈದ್ಯ ಜೇಮ್ಸ್ ಸೈಮ್ ನಾಡಿಯನ್ನು ಬಿಟ್ಟು ಉಸಿರನ್ನು ನೋಡಿರಿ ಎಂದು ಕಲಿಸಿದವನು. ಅವನ ಶಿಷ್ಯ ಎಡ್ವರ್ಡ್ ಲಾರಿ ಹೈದರಾಬಾದಿನಲ್ಲಿ ರೆಸಿಡೆನ್ಸಿ ಸರ್ಜನನಾಗಿದ್ದು, ನಿಜಾಮರ ಸರ್ಕಾರದ ಖರ್ಚಿನಲ್ಲಿ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರ್ಮ್ ಆಯೋಗವನ್ನು ನಡೆಸಿದನು. ಎರಡನೆಯದಕ್ಕೆ ಲ್ಯಾನ್ಸೆಟ್ ಪತ್ರಿಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಔಷಧಶಾಸ್ತ್ರಜ್ಞನನ್ನು ಕಳಿಸಿಕೊಟ್ಟಿತು, ನೂರಾರು ನಾಯಿಗಳ ಮೇಲೆ, ಕೆಲವು ಮಂಗ ಆಡುಗಳ ಮೇಲೂ ಪ್ರಯೋಗ ನಡೆಯಿತು, ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ, ಆದ್ದರಿಂದ ಕ್ಲೋರೋಫಾರ್ಮ್ ಕೊಡುವವನ ಕಣ್ಣು ಉಸಿರಿನ ಮೇಲಿದ್ದರೆ ಸಾಕು ಎಂಬ ತೀರ್ಮಾನ ಹೊರಬಿತ್ತು. ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ ಲಾರಿಯ ಬಳಿ ಪಳಗಿ, ಅರಿವಳಿಕೆ ಕೊಡುವುದನ್ನೇ ವೃತ್ತಿ ಮಾಡಿಕೊಂಡ ಮೊದಲ ಮಹಿಳೆಯರ ಸಾಲಿನಲ್ಲಿ ನಿಂತರು. ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳು ಅಂದು ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಕನ್ನಡ ನಾಡಿನ ಒಂದು ಭಾಗಕ್ಕೆ ಇದು ತನ್ನದೇ ರಾಜಧಾನಿಯ ಸುದ್ದಿಯಾಗಿತ್ತು. ಆಯೋಗದ ತೀರ್ಮಾನ ಅರ್ಧ ತಪ್ಪು: ಹಗುರವಾದ ಅರಿವಳಿಕೆಯಲ್ಲಿ ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಎಂದು ಎ. ಜಿ. ಲೆವಿ 1911ರಲ್ಲಿ ತೋರಿಸಿಕೊಟ್ಟನು. ಆದರೂ ಉಳಿದರ್ಧ ಎಂದಿಗೂ ಸುಳ್ಳಾಗಲಿಲ್ಲ. ಪ್ರಜ್ಞೆ ತಪ್ಪಿದವನ ಉಸಿರನ್ನು ಒಬ್ಬರು ಬೇರೆ ಕೆಲಸವಿಲ್ಲದೆ ನೋಡುತ್ತಿರಬೇಕೆಂಬ ನಿಯಮಕ್ಕೆ ಈ ಭಾಗದಲ್ಲಿ ಬಲ ಬಂದುದು ಹೈದರಾಬಾದಿನಿಂದ, ಅದಕ್ಕಾಗಿ ಲಾರಿಯ ಹಟಮಾರಿತನವನ್ನು ಮನ್ನಿಸಬಹುದು.

ವಾರ್ಡಿನ ಎಣಿಕೆಗೆ ಶುಶ್ರೂಷಕಿ ಬೇಕಿತ್ತು, ಆಕೆಯ ಕೈಯಲ್ಲಿ ಸೆಕೆಂಡಿನ ಮುಳ್ಳಿನ ಗಡಿಯಾರ ಬೇಕಿತ್ತು. ಬೆಳಗಾವಿ ಜಿಲ್ಲೆಯ ಜನ ದೊಡ್ಡ ಕಾಯಿಲೆ ಬಂದಾಗ ಹೋಗುತ್ತಿದ್ದ ಮಿರಜಿನ ಮಿಷನ್ ದವಾಖಾನೆ 1890ರ ದಶಕದಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ್ದು; ಅದೇ ದಶಕದಲ್ಲಿ ಅಲ್ಲಿ ದಾದಿಯರ ತರಬೇತಿಯೂ ಆರಂಭವಾಯಿತು. ಸ್ವಾತಂತ್ರ್ಯಾನಂತರ ಹುಬ್ಬಳ್ಳಿಯಲ್ಲಿ 1957ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಬೈಲಹೊಂಗಲ, ಕಿತ್ತೂರಿನವರಿಗೆ ಬೆಳಗಾವಿ, ಸವದತ್ತಿ, ರಾಮದುರ್ಗದವರಿಗೆ ಧಾರವಾಡ ಹುಬ್ಬಳ್ಳಿ ಎಂಬ ಹಾದಿ ರೂಢಿಯಾಯಿತು. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕಾರ್ಖಾನೆ 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಇಳಿದುದನ್ನು ಆಸ್ಪತ್ರೆಗಳ ಇತಿಹಾಸ ಬರೆಯುವವರು ನೆನೆಯುವುದಿಲ್ಲ. ಆದರೆ ಸಂಬಳದ ಹೆಣ್ಣುಮಗಳೊಬ್ಬಳು ಸೆಕೆಂಡಿನ ಮುಳ್ಳನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ಸಾಮಾನ್ಯವಾದುದು ಆ ಬಳಿಕವೇ. ಎಣಿಸುವ ಕ್ರಮದಲ್ಲಿ ಒಂದು ಜಾಣ್ಮೆಯಿದೆ. ತನ್ನ ಉಸಿರನ್ನು ಯಾರೋ ನೋಡುತ್ತಿದ್ದಾರೆಂದು ತಿಳಿದ ಕೂಡಲೇ ರೋಗಿಯ ಉಸಿರು ಬದಲಾಗುತ್ತದೆ. ಆದ್ದರಿಂದ ಅನುಭವಿ ಸಿಸ್ಟರು ರೋಗಿಯ ಕೈಯನ್ನು ಅವನ ಹೊಟ್ಟೆಯ ಮೇಲೆ ಒರಗಿಸಿ, ಮಣಿಕಟ್ಟಿನ ನಾಡಿಯನ್ನು ಎಣಿಸಿ ಮುಗಿಸಿದ ಮೇಲೂ ಬೆರಳು ತೆಗೆಯದೆ, ನಾಡಿಯನ್ನೇ ನೋಡುತ್ತಿರುವಂತೆ ನಟಿಸುತ್ತ, ತನ್ನ ಕೈಯ ಜೊತೆಗೇ ಏರಿಳಿಯುವ ಹೊಟ್ಟೆಯನ್ನು ಎಣಿಸುತ್ತಾಳೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿಯೂ ಬಳಕೆಯಲ್ಲಿದೆ. ಅದರಲ್ಲಿ ಒಂದು ಉಸಿರು ತಪ್ಪಿದರೆ ಕಾಗದದ ಮೇಲೆ ನಾಲ್ಕು ತಪ್ಪುತ್ತದೆ.

ಈ ಸೀಮೆಯಲ್ಲಿ ಉಸಿರೆಣಿಕೆ ಜೀವನ್ಮರಣದ ಕೆಲಸವಾದುದಕ್ಕೆ ಹತ್ತಿಯ ನಂಟು ದೊಡ್ಡದು. ಬೈಲಹೊಂಗಲ ಮತ್ತು ಸವದತ್ತಿಯ ಎರೆ ನೆಲ ಹತ್ತಿಗೆ ಹೆಸರಾದುದು, ಬೈಲಹೊಂಗಲದ ಪೇಟೆ ಬೆಳೆದದ್ದೂ ಅರಳೆಯ ವ್ಯಾಪಾರದಿಂದ. ಧಾರವಾಡದ ಕೃಷಿ ಸಂಶೋಧನಾ ಕ್ಷೇತ್ರದಲ್ಲಿ ಬಿ. ಎಚ್. ಕತರಕಿ ಅವರು ರೂಪಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿ 1972ರಲ್ಲಿ ರೈತರ ಕೈಗೆ ಬಂದಿತು. ನೀಳ ಎಳೆಯ, ಒಳ್ಳೆ ಬೆಲೆಯ ಈ ಬೆಳೆಗೆ ಕಾಯಿಕೊರಕದ ಕಾಟ ಹೆಚ್ಚಾಗಿದ್ದುದರಿಂದ ಮತ್ತೆ ಮತ್ತೆ ಕೀಟನಾಶಕ ಹೊಡೆಯಬೇಕಾಯಿತು, ಅದನ್ನು ಇಲ್ಲಿಯ ರೈತರು ಎಣ್ಣೆ ಎಂದೇ ಕರೆಯುತ್ತಾರೆ. ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಈ ವಿಷಗಳು ಹೊಲದಲ್ಲಿ ಮೈಗೆ ಸೋಕಿಯೋ ಮನೆಯ ಸಂಕಟದಲ್ಲಿ ಹೊಟ್ಟೆಗೆ ಸೇರಿಯೋ ದವಾಖಾನೆಗೆ ರೋಗಿಗಳನ್ನು ತಂದವು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಸವನ್ನು ಕೆಲಸ ಮುಗಿದ ಮೇಲೆ ಒಡೆಯುವ ಕಿಣ್ವವನ್ನು ಈ ವಿಷ ಕಟ್ಟಿಹಾಕುವುದರಿಂದ, ಬಾಯಿಯಲ್ಲಿ ನೊರೆ, ಶ್ವಾಸನಾಳಗಳಲ್ಲಿ ನೀರು, ಸ್ನಾಯುಗಳಲ್ಲಿ ಅದುರು, ಕೊನೆಗೆ ಬಲಹೀನತೆ ಕಾಣಿಸಿಕೊಳ್ಳುತ್ತವೆ. ಅಟ್ರೋಪಿನ್ ಚುಚ್ಚುಮದ್ದು ಎದೆಯ ನೀರನ್ನು ಒಣಗಿಸುತ್ತದೆ, ಆದರೆ ಸ್ನಾಯುವಿನ ಬಲಹೀನತೆಯನ್ನು ಅದು ಮುಟ್ಟುವುದಿಲ್ಲ.

ಇದರ ಕ್ರೂರ ಮುಖವನ್ನು ಶ್ರೀಲಂಕಾದ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ಗುರುತಿಸಿ ಅದಕ್ಕೆ ಮಧ್ಯಂತರ ಲಕ್ಷಣಕೂಟ ಎಂಬರ್ಥದ ಹೆಸರು ಕೊಟ್ಟರು. ಮೊದಲ ದಿನದ ಅಪಾಯ ಕಳೆದು, ರೋಗಿ ಕಣ್ಣುಬಿಟ್ಟು, ಮನೆಯವರೊಡನೆ ಮಾತಾಡಿ, ಎಲ್ಲರೂ ನಿರಾಳವಾಗುವ ಹೊತ್ತಿಗೆ, ಅಂದರೆ ಸುಮಾರು 24ರಿಂದ 96 ತಾಸುಗಳ ನಡುವೆ, ಕತ್ತಿನ ಸ್ನಾಯು ಸೋತು ತಲೆ ದಿಂಬಿನಿಂದ ಮೇಲೇಳದಂತಾಗುತ್ತದೆ, ಬಳಿಕ ಉಸಿರಿನ ಸ್ನಾಯುಗಳು ಕೈಬಿಡುತ್ತವೆ. ಈ ಹಂತವನ್ನು ಮುಂಚಿತವಾಗಿ ಹಿಡಿಯಲು ಬೇಕಾದುದು ಯಂತ್ರಕ್ಕಿಂತ ಎಚ್ಚರ: ತಾಸಿಗೊಮ್ಮೆ ತಲೆ ಎತ್ತಿಸುವುದು, ಉಸಿರೆಣಿಸುವುದು, ಉಸಿರು ಮೊದಲು ಬಿರುಸಾಗಿ ಆಮೇಲೆ ಮೇಲುಮೇಲಾಗುತ್ತಿದೆಯೇ ಎಂದು ನೋಡುವುದು. ನಾಗರಹಾವು, ಕಟ್ಟುಹಾವು ಕಚ್ಚಿದವರಲ್ಲೂ ನರವಿಷದಿಂದ ಹೀಗೆಯೇ ರೆಪ್ಪೆ ಜೋತು, ನುಂಗಲಾಗದೆ, ಉಸಿರು ಸೋಲುತ್ತದೆ. ಇಂಥವರಿಗೆ ಆಸ್ಪತ್ರೆಗಳಲ್ಲಿ ಮಾಡುವ ಒಂದು ಪರೀಕ್ಷೆಗೆ ಕಾಸಿನ ಖರ್ಚಿಲ್ಲ: ‘ಒಂದ ದಮ್ಮಿನ್ಯಾಗ ಎಷ್ಟ ಆಗ್ತದ ಅಷ್ಟ ಎಣಸ್ರಿ’ ಎಂದರೆ ಸಾಕು, ರೋಗಿ ಒಂದು, ಎರಡು ಎಂದು ಗಟ್ಟಿಯಾಗಿ ಹೇಳುತ್ತ ಹೋಗುತ್ತಾನೆ, ಬೆಳಿಗ್ಗೆ ಮೂವತ್ತು ದಾಟಿದವನು ಮಧ್ಯಾಹ್ನ ಹದಿನೈದಕ್ಕೇ ನಿಂತರೆ ಕೃತಕ ಉಸಿರಿನ ವ್ಯವಸ್ಥೆಯಿರುವ ಊರಿಗೆ ಕೂಡಲೇ ಸಾಗಿಸಬೇಕು. ಬೈಲಹೊಂಗಲದಿಂದ ಬೆಳಗಾವಿಗೆ ಒಂದು ತಾಸಿನ ಮೇಲಿನ ದಾರಿ, ರಾಮದುರ್ಗದಿಂದ ಅದರ ಎರಡು ಪಟ್ಟು. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಆರಂಭವಾಗುವ ಮುನ್ನ ಆ ದಾರಿಯನ್ನು ಬಾಡಿಗೆ ಜೀಪಿನಲ್ಲಿ, ಕೆಲವೊಮ್ಮೆ ಯಾರಾದರೊಬ್ಬರು ಎದೆಗೆ ಗಾಳಿ ತುಂಬುವ ರಬ್ಬರಿನ ಆಂಬು ಚೀಲವನ್ನು ಉದ್ದಕ್ಕೂ ಒತ್ತುತ್ತ ಕಳೆಯಬೇಕಿತ್ತು. ನಿಮಿಷಕ್ಕೆ ಎಷ್ಟು ಬಾರಿ ಒತ್ತಬೇಕೆಂಬುದೂ ಉಸಿರೆಣಿಕೆಯ ಲೆಕ್ಕವೇ.

ಮಕ್ಕಳ ವಿಷಯದಲ್ಲಿ ಈ ಎಣಿಕೆ ಆಸ್ಪತ್ರೆಯ ಗೋಡೆ ದಾಟಿ ಹೊರಬಂದಿತು. ಎಳೆಮಕ್ಕಳ ನ್ಯುಮೋನಿಯಾವನ್ನು ಗುರುತಿಸಲು ಎಕ್ಸ್‌ರೇಯೂ ಸ್ಟೆತಾಸ್ಕೋಪೂ ಬೇಕೆಂಬ ನಂಬಿಕೆಯನ್ನು ಮುರಿದವನು ಪಪುವಾ ನ್ಯೂಗಿನಿಯ ಗೊರೋಕಾ ಊರಿನಲ್ಲಿ ಕೆಲಸ ಮಾಡಿದ ಫ್ರ್ಯಾಂಕ್ ಶಾನ್. ಕೆಮ್ಮಿರುವ ಮಗುವಿನ ಉಸಿರನ್ನು ಎಣಿಸಿದರೇ ರೋಗ ತಕ್ಕಮಟ್ಟಿಗೆ ತಿಳಿಯುತ್ತದೆ ಎಂದು ಅವನೂ ಸಂಗಡಿಗರೂ 1984ರಲ್ಲಿ ಪ್ರಕಟಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಥಾಮಸ್ ಚೆರಿಯನ್ ಮತ್ತು ಟಿ. ಜೇಕಬ್ ಜಾನ್ ಮೊದಲಾದವರು 1988ರಲ್ಲಿ ವಯಸ್ಸಿಗೆ ತಕ್ಕ ಮಿತಿಯನ್ನು ಖಚಿತಪಡಿಸಿದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸಿದ್ಧವಾಯಿತು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ವರ್ಷದಿಂದ ಐದು ವರ್ಷದವರೆಗೆ 40, ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಬಿರುಸುಸಿರು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಎಣಿಕೆ ಬಾರದ ಸೂಲಗಿತ್ತಿಯರಿಗೂ ಇದನ್ನು ಒಗ್ಗಿಸಿದರು; ಒಂದು ನಿಮಿಷದ ಮರಳುಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು, ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು, ಮರಳು ಮುಗಿಯುವ ಮೊದಲು ಕೊನೆಯ ಮಣಿ ಬಂದರೆ ಔಷಧ. ತರಬೇತಾದ ಹಳ್ಳಿಗರಿಂದಲೇ ಹೀಗೆ ಚಿಕಿತ್ಸೆ ಕೊಡಿಸಿ ಮಕ್ಕಳ ನ್ಯುಮೋನಿಯಾ ಸಾವನ್ನು ಅರ್ಧಕ್ಕೂ ಹೆಚ್ಚು ಇಳಿಸಿದ್ದನ್ನು ಅವರು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಉತ್ತರ ಕರ್ನಾಟಕದಲ್ಲಿ ಅದೇ ಕಾಲದಲ್ಲಿ ಹೊಟ್ಟೆ ಹಾರುತ್ತಿರುವ ಕೂಸಿಗೆ ಬರೆ ಹಾಕಿಸುವ ರೂಢಿ ಇನ್ನೂ ಬಿಟ್ಟಿರಲಿಲ್ಲ, ಇಂದಿಗೂ ಅಲ್ಲಲ್ಲಿ ಅದರ ಸುದ್ದಿ ಬರುತ್ತದೆ. ಬರೆ ಹಾಕುವವರು ಲಕ್ಷಣವನ್ನು ತಪ್ಪಾಗಿ ನೋಡಿರಲಿಲ್ಲ ಎಂಬುದನ್ನು ಒಪ್ಪಬೇಕು. ಪಕ್ಕೆ ಒಳಸೆಳೆಯುವುದು, ಹೊಟ್ಟೆ ಹಾರುವುದು ಅಪಾಯದ ಗುರುತೆಂದು ಅಜ್ಜಿಯರಿಗೆ ಗೊತ್ತಿತ್ತು, ಗೊತ್ತಿಲ್ಲದ್ದು ಮದ್ದು ಮಾತ್ರ.

ಭಾರತ ಸರ್ಕಾರ 1990ರಲ್ಲಿ ಉಸಿರಾಟದ ತೀವ್ರ ಸೋಂಕುಗಳ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ ಎರಡು ವರ್ಷದಲ್ಲಿ ತಾಯಿ ಮಕ್ಕಳ ಯೋಜನೆಗೆ ಸೇರಿಸಿತು, 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಬಂದರು, 2011ರಿಂದ ಅವರು ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡುವ ಕಾರ್ಯಕ್ರಮ ಜಾರಿಯಾಯಿತು. ಆಶಾ ಚೀಲದಲ್ಲಿ ತಕ್ಕಡಿ, ಜ್ವರಮಾಪಕಗಳ ಜೊತೆಗೆ ಒಂದು ಗಡಿಯಾರವೂ ಇರುತ್ತದೆ. ಕೂಸಿನ ಉಸಿರು ಒಂದೇ ಸಮನಿರುವುದಿಲ್ಲ, ಕೆಲವು ಕ್ಷಣ ಓಡಿ ಕೆಲವು ಕ್ಷಣ ನಿಲ್ಲುತ್ತದೆ. ಆದ್ದರಿಂದ ಅಂಗಿ ಎತ್ತಿಸಿ, ಕೂಸು ಅಳದೆ, ಮೊಲೆಯುಣ್ಣದೆ ಶಾಂತವಾಗಿರುವಾಗ ಇಡೀ ನಿಮಿಷ ಎಣಿಸಬೇಕು, 60 ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕು. ಅಡ್ಡದಾರಿಯ ಹದಿನೈದು ಸೆಕೆಂಡು ಇಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಎಂದೂ ಪೂರ್ತಿ ಸಿಗದ ನಿಮಿಷ ಹಳ್ಳಿಯ ಪಡಸಾಲೆಯಲ್ಲಿ ಸಿಕ್ಕಿತು ಎನ್ನುವುದು ಈ ಇತಿಹಾಸದ ವಿಚಿತ್ರ.

ಹುಟ್ಟಿದ ಕ್ಷಣದ ಉಸಿರಿನ ಅಧ್ಯಯನದಲ್ಲಿ ಬೆಳಗಾವಿ ಜಿಲ್ಲೆಯ ಹೆಸರು ಜಗತ್ತಿನ ವೈದ್ಯಸಾಹಿತ್ಯದಲ್ಲಿ ದಾಖಲಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಬೆಂಬಲದ ಗ್ಲೋಬಲ್ ನೆಟ್‌ವರ್ಕ್ ಎಂಬ ಸಂಶೋಧನಾ ಒಕ್ಕೂಟದಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಭಾರತದ ಒಂದು ಕೇಂದ್ರವಾಗಿದ್ದು, ಬಿ. ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರ ಮುಂದಾಳತ್ವದಲ್ಲಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಕೆಲಸ ನಡೆಸಿತು. ಫಸ್ಟ್ ಬ್ರೆತ್ ಎಂದು ಹೆಸರಾದ, ಆರು ದೇಶಗಳ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು: ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದ ಬಳಿಕ ಮೊದಲ ವಾರದ ಸಾವು ಹೇಳಿಕೊಳ್ಳುವಂತೆ ಇಳಿಯಲಿಲ್ಲ, ಆದರೆ ಸತ್ತು ಹುಟ್ಟಿದವೆಂದು ಬರೆದ ಕೂಸುಗಳ ಪ್ರಮಾಣ ಸಾವಿರಕ್ಕೆ 23ರಿಂದ 15.9ಕ್ಕೆ ಇಳಿಯಿತು. ಇದರ ಅರ್ಥ ಬೆಚ್ಚಿಬೀಳಿಸುವಂಥದು. ಸತ್ತು ಹುಟ್ಟಿದವೆಂದು ಬಟ್ಟೆಯಲ್ಲಿ ಸುತ್ತಿಟ್ಟ ಕೂಸುಗಳಲ್ಲಿ ಕೆಲವು ಸತ್ತಿರಲಿಲ್ಲ, ಉಸಿರು ತೆಗೆದುಕೊಂಡಿರಲಿಲ್ಲ ಅಷ್ಟೆ; ಒರೆಸಿ, ಬೆನ್ನು ತಿಕ್ಕಿ, ಬೇಕಾದರೆ ಮುಖವಾಡ ಮತ್ತು ಚೀಲದಿಂದ ಗಾಳಿ ಕೊಟ್ಟಿದ್ದರೆ ಅಳುತ್ತಿದ್ದವು. ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ಹೊರತಂದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಈ ಕೆಲಸಕ್ಕೆ ಹುಟ್ಟಿದ ಮೊದಲ ನಿಮಿಷವನ್ನೇ ಗಡುವು ಮಾಡಿ ಅದನ್ನು ಸುವರ್ಣ ನಿಮಿಷವೆಂದು ಕರೆಯಿತು. ಬೆಳಗಾವಿಯ ತಂಡ ಹಳ್ಳಿಯ ಆರೋಗ್ಯ ಕೇಂದ್ರಗಳು ಮತ್ತು ಜಿಲ್ಲಾ, ನಗರ ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಈ ತರಬೇತಿ ಕೊಟ್ಟು 2013ರಲ್ಲಿ ವರದಿ ಮಾಡಿದಂತೆ, ಸತ್ತು ಹುಟ್ಟುವ ಪ್ರಮಾಣ ಶೇಕಡಾ 3.0ರಿಂದ 2.3ಕ್ಕೆ, ಹೆರಿಗೆಯ ಹೊತ್ತಿನಲ್ಲೇ ಸತ್ತವೆನ್ನಲಾದ ಕೂಸುಗಳ ಪ್ರಮಾಣ 1.7ರಿಂದ 0.9ಕ್ಕೆ ಇಳಿಯಿತು.

ಯಂತ್ರಗಳ ಕಥೆಯನ್ನು ಉದ್ದ ಮಾಡುವ ಅಗತ್ಯವಿಲ್ಲ. ಎದೆಗೆ ಅಂಟಿಸಿದ ಬಿಲ್ಲೆಗಳ ನಡುವೆ ಅತಿ ಸಣ್ಣ ವಿದ್ಯುತ್ತನ್ನು ಹಾಯಿಸಿ, ಗಾಳಿ ತುಂಬಿದಾಗ ಬದಲಾಗುವ ತಡೆಯನ್ನು ಅಳೆದು ಉಸಿರೆಣಿಸುವ ಮಾನಿಟರುಗಳು ತೀವ್ರ ನಿಗಾ ಘಟಕಗಳಲ್ಲಿವೆ. ರೋಗಿ ಮಗ್ಗುಲಾದರೂ ಕೆಮ್ಮಿದರೂ ಅವು ಲೆಕ್ಕ ತಪ್ಪುತ್ತವೆ. ಜಪಾನಿನ ತಾಕುವೊ ಅವೊಯಾಗಿ 1974ರಲ್ಲಿ ತೋರಿಸಿದ ತತ್ತ್ವದ ಪಲ್ಸ್ ಆಕ್ಸಿಮೀಟರ್ ಮಾತ್ರ ಕೊರೋನಾ ಕಾಲದಲ್ಲಿ ಹಳ್ಳಿಯ ಮನೆಗೂ ಬಂದಿತು, ಬೆರಳಿಗೆ ಸಿಕ್ಕಿಸಿಕೊಂಡು ಅಂಕಿ ಓದುವುದು ಎಲ್ಲರಿಗೂ ರೂಢಿಯಾಯಿತು. ಆದರೆ ಅದು ತೋರಿಸುವುದು ರಕ್ತದಲ್ಲಿರುವ ಆಮ್ಲಜನಕವನ್ನು, ಉಸಿರನ್ನಲ್ಲ. ದೇಹವು ಬಿರುಸಾಗಿ ಉಸಿರಾಡಿ ಕೊರತೆಯನ್ನು ತುಂಬಿಕೊಳ್ಳುತ್ತಿರುವಷ್ಟು ಕಾಲ, ಅಥವಾ ನಳಿಗೆಯಿಂದ ಆಮ್ಲಜನಕ ಹರಿಯುತ್ತಿರುವಷ್ಟು ಕಾಲ, ಅಂಕಿ ಚೆನ್ನಾಗಿಯೇ ಇದ್ದು ರೋಗಿ ಕುಸಿಯುತ್ತಿರಬಹುದು. 2020ರ ಕೇಂದ್ರ ಆರೋಗ್ಯ ಇಲಾಖೆಯ ಸೂಚಿಯಲ್ಲಿ ಉಸಿರು 24 ಮುಟ್ಟಿದರೆ ಮಧ್ಯಮ, 30 ಮುಟ್ಟಿದರೆ ತೀವ್ರ ಎಂದು ಆಕ್ಸಿಮೀಟರಿನ ಅಂಕಿಯ ಪಕ್ಕದಲ್ಲೇ ಬರೆದಿದ್ದರೂ ಜನರ ಬಾಯಲ್ಲಿ ಉಳಿದದ್ದು ಆಕ್ಸಿಮೀಟರಿನ ಅಂಕಿಯೊಂದೇ.

ಇದು ಈ ಸೀಮೆಯದಷ್ಟೇ ಮರೆವಲ್ಲ. ಆಸ್ಟ್ರೇಲಿಯಾದ ವೈದ್ಯಪತ್ರಿಕೆಯೊಂದು 2008ರಲ್ಲಿ ಉಸಿರಾಟದ ದರವನ್ನು ಕಡೆಗಣಿಸಿದ ಜೀವಲಕ್ಷಣವೆಂದು ಕರೆಯಿತು. ಹಲವು ದೇಶಗಳ ವಾರ್ಡುಗಳ ತಖ್ತೆಗಳಲ್ಲಿ 18, 20 ಎಂಬ ಸಂಖ್ಯೆಗಳು ಅಸಹಜವಾಗಿ ಹೆಚ್ಚು ಕಾಣುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ, ಅಂದರೆ ಎಣಿಸದೆ ಬರೆದ ಅಂಕಿಗಳು ಅವು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿದ, 2017ರಲ್ಲಿ ತಿದ್ದಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಅಥವಾ ಅದಕ್ಕಿಂತ ಹೆಚ್ಚಾದರೆ, ಇಲ್ಲವೆ 8 ಅಥವಾ ಅದಕ್ಕಿಂತ ಕಡಿಮೆಯಾದರೆ, ಆ ಒಂದಕ್ಕೇ ಮೂರು ಅಂಕ. ಬೇರೆ ಯಾವ ಲಕ್ಷಣ ಕೆಡದಿದ್ದರೂ ವೈದ್ಯರನ್ನು ತುರ್ತಾಗಿ ಕರೆಯಲು ಅಷ್ಟು ಸಾಕು. ಎಣಿಸದೆ ಬರೆದ 20 ಈ ಪಟ್ಟಿಯಲ್ಲಿ ಸೊನ್ನೆ ಅಂಕ ಪಡೆದು ರೋಗಿಯನ್ನು ಕ್ಷೇಮವೆಂದು ತೋರಿಸಿಬಿಡುತ್ತದೆ.

ಶುಶ್ರೂಷಕಿಯರ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಲೆಕ್ಕ ಹಾಕಿ ನೋಡಬೇಕು. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಒಬ್ಬೊಬ್ಬರಿಗೆ ಪೂರ್ತಿ ಒಂದು ನಿಮಿಷವೆಂದರೆ ಒಂದು ಸುತ್ತಿಗೆ ಅರ್ಧ ತಾಸು, ನಾಲ್ಕು ತಾಸಿಗೊಂದು ಸುತ್ತಿನಂತೆ ಹಗಲಿರುಳಿಗೆ ಮೂರು ತಾಸು, ಅದೂ ಬೇರೆ ಯಾವ ಕೆಲಸಕ್ಕೂ ಕೈಹಾಕದೆ. ಕೊರೋನಾ ಬಳಿಕ ರಾಜ್ಯದ ಅನೇಕ ತಾಲೂಕು ಆಸ್ಪತ್ರೆಗಳಿಗೆ ಆಮ್ಲಜನಕ ಘಟಕಗಳೂ ವೆಂಟಿಲೇಟರುಗಳೂ ಬಂದಿವೆ, ಅವು ಬೇಕಾಗಿದ್ದವು ನಿಜ. ಆದರೆ ಅವನ್ನು ಯಾವ ರೋಗಿಗೆ ಯಾವಾಗ ಹಚ್ಚಬೇಕೆಂದು ಮೊದಲು ಹೇಳುವುದು ಆ ಎಣಿಕೆಯೇ ಆದ್ದರಿಂದ, ಬೈಲಹೊಂಗಲದಲ್ಲಾಗಲಿ ರಾಮದುರ್ಗದಲ್ಲಾಗಲಿ ಇನ್ನೊಂದು ಯಂತ್ರ ಕೊಳ್ಳುವ ಮೊದಲು ರಾತ್ರಿ ಪಾಳಿಗೆ ಇನ್ನೊಬ್ಬ ಶುಶ್ರೂಷಕಿಯನ್ನು ನೇಮಿಸಬೇಕು.